ಭಾದ್ರಪದದಲ್ಲಿ ಹಲಸಿನಹಣ್ಣಿನ ವಾಸನೆ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಕೂತರೆ, "ಆಗ ನಿಮಗೆ ಜ್ವರ ಎಷ್ಟಿತ್ತು?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದವಳು ನಾನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ನನಗಿದ್ದ ಜ್ವರ ತೊಂಬತ್ತೊಂಬತ್ತೂವರೆ. ಅಷ್ಟಕ್ಕೆಲ್ಲ ಯಾರಿಗೂ ತಲೆ ಕೆಡುವುದಿಲ್ಲ.

ನನಗೆ ಹನ್ನೊಂದು ವರ್ಷಗಳಿಂದ ಆಮವಾತ. ಮೈಯನ್ನು ಕಾಯಬೇಕಾದ ಪಡೆಯೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುವ ಕಾಯಿಲೆ. ಬೆಳಗ್ಗೆ ಎದ್ದರೆ ಒಂದು ಗಂಟೆ ಮುಷ್ಟಿ ಕಟ್ಟಲಾಗುವುದಿಲ್ಲ. ಆ ಪಡೆಯನ್ನು ಹದ್ದುಬಸ್ತಿನಲ್ಲಿಡಲು ವಾರಕ್ಕೊಂದು ಮಾತ್ರೆ, ದಿನಾ ಚೂರು ಸ್ಟಿರಾಯ್ಡ್. ಕೊರೋನಾದ ಮೊದಲ ವರ್ಷ ಮುಂಬಯಿಯ ನಮ್ಮ ದಹಿಸರ್ ಇಡೀ ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಕಷಾಯ ಕುಡಿಯುತ್ತಿದ್ದಾಗ, ಅದು ಹೆಚ್ಚದಿರಲಿ ಎಂದು ಮಾತ್ರೆ ನುಂಗುತ್ತಿದ್ದವಳು ನಮ್ಮ ಬಿಲ್ಡಿಂಗಿನಲ್ಲಿ ನಾನೊಬ್ಬಳೇ.

ಗಣಪತಿ ಹಬ್ಬ ಸದ್ದಿಲ್ಲದೆ ಮುಗಿದ ವಾರ ನನಗೆ ಪಾಸಿಟಿವ್ ಬಂತು. ಪರೇಲಿನ ನನ್ನ ಡಾಕ್ಟರು ಫೋನಿನಲ್ಲಿ, ವಾರದ ಮಾತ್ರೆ ಸದ್ಯಕ್ಕೆ ಬೇಡ, ಸ್ಟಿರಾಯ್ಡನ್ನು ಮಾತ್ರ ತಟ್ಟನೆ ನಿಲ್ಲಿಸಬೇಡಿ, ಆಕ್ಸಿಜನ್ ನೋಡುತ್ತಿರಿ ಎಂದರು. ನನ್ನ ಗಂಡ ಸುಧಾಕರ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರು. ಮುಚ್ಚಿದ ಬಾಗಿಲಿನಾಚೆಯಿಂದ ಧೈರ್ಯ ಹೇಳಿದರು: "ನಿನ್ನ ಮಿಲಿಟ್ರಿಗೆ ಇಷ್ಟು ವರ್ಷದ ಮೇಲೆ ಸರಿಯಾದ ಶತ್ರು ಸಿಕ್ಕಿದ್ದು ಮಾರಾಯ್ತಿ. ಹೊಡೆದಾಡಲಿ ಬಿಡು."

ಮೂರನೇ ದಿನ ವಾಸನೆ ಹೋಯಿತು. ಅಮೃತಾಂಜನದ ಡಬ್ಬಿಗೆ ಮೂಗು ತುರುಕಿದರೂ ಏನೂ ಇಲ್ಲ. ಆರನೇ ದಿನ ಮಧ್ಯಾಹ್ನ ಗಂಜಿ ಕುಡಿದು ಒರಗಿದ್ದೆ. ಇದ್ದಕ್ಕಿದ್ದಂತೆ ಹಲಸಿನಹಣ್ಣಿನ ವಾಸನೆ! ಮಳೆಗಾಲಕ್ಕೆ ಮೊದಲು ಯಾರೋ ಪಕ್ಕದ ಕೋಣೆಯಲ್ಲಿ ಹಣ್ಣು ಸೀಳಿದರೆ ಬರುತ್ತದಲ್ಲ, ಅಂಥದ್ದು.

"ಹಲಸು ಎಲ್ಲಿಂದ ತಂದಿರಿ?" ಎಂದು ಕೂಗಿದೆ.

"ಎಂತ ಹಲಸು? ಇದು ಯಾವ ತಿಂಗಳು? ನನ್ನ ಮೂಗಿಗೆ ಎಂತದೂ ಬರ್ತಾ ಇಲ್ಲ," ಎಂದರು. ಹೊರಗೆ ನಿಂತೇ ಸಾಂಬಾರಿಗೆ ಇಂಗು ಕಡಿಮೆ ಎಂದು ಹೇಳುವ ಮೂಗು ಅವರದು.

ನಾನು ಕಿಟಕಿಯ ಹತ್ತಿರ ಹೋದೆ. ವಾಸನೆ ಬರುತ್ತಿದ್ದುದು ಕೆಳಗಿನಿಂದ, ಎರಡನೇ ಮಾಳಿಗೆಯ ಕಾಕುವಿನ ಮನೆಯಿಂದ. ಕಾಕು ಎಂದರೆ ಎಪ್ಪತ್ತು ದಾಟಿದ, ಮದುವೆಯಾಗದ, ನಿವೃತ್ತ ಮರಾಠಿ ಟೀಚರು. ನನಗೆ ನಿಜವಾಗಿ ಬಂದದ್ದು ಸಿಟ್ಟು. ಕಾಯಿಲೆಯವಳು ಮೇಲಿದ್ದಾಳೆಂದು ಗೊತ್ತಿದ್ದೂ ಒಬ್ಬರೇ ತಿನ್ನುವುದೇ! ಮಾತ್ರೆ ನಿಲ್ಲಿಸಿ ಬೆರಳ ಗಂಟುಗಳು ಊದಿಕೊಂಡಿದ್ದವು. ಪೆನ್ಸಿಲಿನ ಹಿಂತುದಿಯಿಂದ ಲ್ಯಾಂಡ್‌ಲೈನಿನ ನಂಬರು ಒತ್ತಿ ಫೋನ್ ಮಾಡಿದೆ. ಎತ್ತಲಿಲ್ಲ. ಎಂಟು ಸಲ ಮಾಡಿದೆ. ಒಂಬತ್ತನೇ ಸಲಕ್ಕೆ ಸಿಟ್ಟು ಎಲ್ಲಿಗೋ ಹೋಗಿ, ಯಾಕೆಂದು ಗೊತ್ತಾಗದೆ ಅಳು ಬಂತು.

ನಮ್ಮ ಮನೆಗೆ ಸೀಲ್ ಹಾಕಿದ್ದರಿಂದ ಇವರು ಇಳಿಯುವಂತಿರಲಿಲ್ಲ. ನನ್ನ ಅಳು ತಡೆಯಲಾಗದೆ, ಕಾಕುವಿನ ಮನೆಯ ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಸೊಸೈಟಿ ಸೆಕ್ರೆಟರಿಗೆ ಫೋನ್ ಮಾಡಿ, ನಾಚಿಕೊಂಡೇ ಹಲಸಿನ ವಿಷಯ ಹೇಳಿದರು.

"ಕಟಹಲ್? ಬಿಲ್ಡಿಂಗ್ ಮೇ?" ಸೆಕ್ರೆಟರಿಯ ಗರ್ಜನೆ ನನ್ನ ಕೋಣೆಯವರೆಗೂ ಕೇಳಿಸಿತು. "ಫಲ್‌ವಾಲೇ ಕೋ ಅಂದರ್ ಕಿಸ್‌ನೇ ಛೋಡಾ?" ಹಣ್ಣಿನವನನ್ನು ಒಳಗೆ ಬಿಟ್ಟವರು ಯಾರು ಎಂದು.

ಹೊರಗಿನ ವ್ಯಾಪಾರಿಗಳನ್ನು ಗೇಟಿನೊಳಗೆ ಬಿಡಬಾರದೆಂದು ನಿಯಮ ಬರೆದವರೇ ಅವರು. ಅಪರಾಧಿಯನ್ನು ಹಣ್ಣಿನ ಸಮೇತ ಹಿಡಿಯಲು ಮಾಸ್ಕು, ಫೇಸ್ ಶೀಲ್ಡು, ಕೈಗವಸು ಎಲ್ಲ ಏರಿಸಿ, ಕೀಲಿ ಹಿಡಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ "ಆಂಬ್ಯುಲೆನ್ಸ್! ಆಂಬ್ಯುಲೆನ್ಸ್!" ಎಂಬ ಕೂಗು ಕೇಳಿಸಿತು.

ಕಾಕು ಬೆಳಗ್ಗೆ ಏಳಕ್ಕೇ ಅಡುಗೆಮನೆಯಲ್ಲಿ ಜಾರಿಬಿದ್ದಿದ್ದರು. ಸೊಂಟ ಮುರಿದು ಏಳಲಾಗದೆ, ನೀರೂ ಇಲ್ಲದೆ, ಎಂಟು ಗಂಟೆ ಕಾಲ ನೆಲದ ಮೇಲೆ ಬಿದ್ದಿದ್ದರು. ಇಡೀ ಮನೆಯಲ್ಲಿ ಹಣ್ಣೆಂದು ಇದ್ದದ್ದು ಕಪ್ಪಾಗಿದ್ದ ಒಂದು ಬಾಳೆಹಣ್ಣು. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಸೆಕ್ರೆಟರಿಯ ಸಮಯಪ್ರಜ್ಞೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹಲಸಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ನನ್ನ ಆಕ್ಸಿಜನ್ ಒಂದು ದಿನ ಇಳಿದು ಎಲ್ಲರನ್ನೂ ಹೆದರಿಸಿ ಮತ್ತೆ ಏರಿತು. ಹೇಗೋ ಪಾರಾದೆ. ಎರಡು ತಿಂಗಳ ಮೇಲೆ ವಾಕರ್ ಹಿಡಿದು ಕಾಕು ಮನೆಗೆ ಬಂದಾಗ ನೋಡಲು ಹೋದೆ. ಮೆಟ್ಟಿಲು ಇಳಿಯುವುದು ನನಗೂ ಕಷ್ಟ, ಬಾಗಿಲು ತೆಗೆಯುವುದು ಅವರಿಗೂ ಕಷ್ಟ.

"ಸೆಕ್ರೆಟರಿ ಏನೇನೋ ಹೇಳ್ತಾನೆ. ತುಲಾ ಕಸಂ ಕಳಲಂ?" ನಿನಗೆ ಹೇಗೆ ಗೊತ್ತಾಯಿತು ಎಂದು ನೇರವಾಗಿ ಕೇಳಿದರು.

ಅವರೆದುರು ಸುಳ್ಳು ಹೇಳಲು ಆಗಲಿಲ್ಲ. ಹಲಸಿನಹಣ್ಣಿನ ವಾಸನೆ ಬಂತು ಎಂದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಕಾಪಾ ಕೀ ಬರ್ಕಾ?" ಎಂದರು. ಗಟ್ಟಿ ತೊಳೆಯ ಬಕ್ಕೆಯೋ, ಲೋಳೆಲೋಳೆಯ ತುಳುವೆಯೋ ಎಂದು.

"ತುಳುವೆ. ಬರ್ಕಾ," ಎಂದೆ. ಉಡುಪಿಯ ಕಡೆಯವಳಿಗೆ ಅದರಲ್ಲಿ ಅನುಮಾನವೇ ಬರುವುದಿಲ್ಲ.

ಕಾಕು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆ ದಿನ ಎಚ್ಚರ ತಪ್ಪಬಾರದೆಂದು ರತ್ನಾಗಿರಿಯ ಬಾಲ್ಯವನ್ನು ನೆನೆಯುತ್ತಾ ಮಲಗಿದ್ದರಂತೆ. ಅಪ್ಪ ಕೈಗೆ ಎಣ್ಣೆ ಹಚ್ಚಿಕೊಂಡು ಹಿತ್ತಲಿನಲ್ಲಿ ಹಣ್ಣು ಸೀಳುತ್ತಿದ್ದುದು, ದೊಡ್ಡ ತೊಳೆಗಳನ್ನೆಲ್ಲ ಅಣ್ಣ ಬಾಚಿಕೊಳ್ಳುತ್ತಿದ್ದುದು. ಸತ್ತು ಇಪ್ಪತ್ತು ವರ್ಷವಾದ ಆ ಅಣ್ಣನ ಮೇಲಿನ ಸಿಟ್ಟಿನಲ್ಲೇ ಎಚ್ಚರವಾಗಿದ್ದರಂತೆ.

"ಆಮಚಾ ಬರ್ಕಾಚ್ ಹೋತಾ," ಎಂದರು. ನಮ್ಮದೂ ತುಳುವೆಯೇ.

ಮುಂದಿನ ಸಲ ಪರೇಲಿಗೆ ಹೋದಾಗ ಡಾಕ್ಟರಿಗೆ ಎಲ್ಲ ಹೇಳಿದೆ. ಈ ವೈರಸ್ಸಿನಿಂದ ಮೂಗಿನ ನರ ಕೆಟ್ಟವರಿಗೆ ಇಲ್ಲದ ವಾಸನೆ ಬರುವುದುಂಟು, ಅದರಲ್ಲಿ ವಿಶೇಷವಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. ಒಪ್ಪಿದೆ. "ಎರಡನೇ ಮಾಳಿಗೆಯಿಂದಲೇ ಯಾಕೆ ಬಂತು ಡಾಕ್ಟರೇ? ಅದೂ ತುಳುವೆಯೇ ಯಾಕೆ?" ಎಂದು ಕೇಳಿದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ವಾರದ ಮಾತ್ರೆ ಮತ್ತೆ ಶುರುಮಾಡಿ ಎಂದು ಬರೆದು, ಮುಂದಿನ ಪೇಷಂಟನ್ನು ಕರೆದರು.