ಕಂಬಳಿಯೊಳಗೆ ಕಂಡ ಮೀಸೆ

ಮಾಮೂಲಿ ಎಲ್‌ಇಡಿ ಟಿವಿಗೆ ಓಎಲ್‌ಇಡಿ ಅಂತ ಸ್ಟಿಕರ್ ಅಂಟಿಸಿ ಮಾರೋದು ಮೋಸ. ಅರಸೀಕೆರೆಯ ಒಂದು ಅಂಗಡಿ ಹುಲಿಕೆರೆಯ ನಮ್ಮ ಚಿಕ್ಕಮ್ಮನಿಗೆ ಅದನ್ನೇ ಮಾಡಿತ್ತು.

ಅಡುಗೆಮನೆಯಿಂದಲೇ ಕಾಣಲಿ ಅಂತ ಗೋಡೆ ಹುಡುಕಿ ಮೊಳೆ ಹೊಡೆಸಿದ್ದರು. ಹಾಕಿದರೆ ಕಪ್ಪೆಲ್ಲ ಬೂದಿ ಬಣ್ಣ. ಡಬ್ಬ ಬಿಚ್ಚಿದ್ದನ್ನು ವಾಪಸ್ ತಗೊಳ್ಳಲ್ಲ ಅಂದರಂತೆ ಅಂಗಡಿಯವರು.

ನಾನು ಸುಮ್ಮನಿರೋಳಲ್ಲ. ವಿಜ್ಞಾನ ಮೇಳದಲ್ಲಿ ಹಂಚಿದ್ದ ಕಿರುಹೊತ್ತಿಗೆ ಹಿಡಿದು, ಕಂಬಳಿ ಸುತ್ತಿದ ಟಿವಿ ಜೊತೆ ಚಿಕ್ಕಮ್ಮನನ್ನೂ ಆಟೋ ಹತ್ತಿಸಿದೆ.

ಅಂಗಡಿಯಲ್ಲಿ ನನ್ನ ಭಾಷಣ ಶುರು. ಓಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಪದರದ ಆಚೀಚೆ ಎರಡು ಸಾಗಣೆ ಪದರ ಇರುತ್ತೆ, ನಮ್ಮ ಜಂಕ್ಷನ್ನಿಗೆ ಎರಡು ಕಡೆಯಿಂದ ರೈಲು ಬಂದ ಹಾಗೆ. ಒಂದು ಎಲೆಕ್ಟ್ರಾನ್ ತರುತ್ತೆ, ಇನ್ನೊಂದು ಎಲೆಕ್ಟ್ರಾನ್ ಇಲ್ಲದ ಖಾಲಿ ಸೀಟು.

ಎರಡೂ ನಡುವೆ ಸೇರಿದಾಗ ಬೆಳಕು. ಅದಕ್ಕೇ ಎರಡಕ್ಕೂ ಬೇರೆ ಬೇರೆ ವಸ್ತು ಬೇಕು, ಒಂದು ರೈಲು ಲೇಟಾದರೂ ಬೆಳಕು ಕೆಡುತ್ತೆ. ರೈಲೇ ಬರದಿದ್ದರೆ ಪೂರ್ತಿ ಕತ್ತಲು. ಮಾಮೂಲಿ ಟಿವಿಯಲ್ಲಿ ಹಿಂದೆ ದೀಪ ಉರೀತಾನೇ ಇರುತ್ತೆ...

ಅಂಗಡಿ ಯಜಮಾನರು ಮೀಸೆ ತಿರುವುತ್ತಾ ಕೇಳಿಸಿಕೊಂಡರು. "ಆ ಪದರ ಇದರಲ್ಲೂ ಇದೆ ಕಣಮ್ಮ. ಬಿಚ್ಚಿ ತೋರಿಸ್ಲಾ? ವಾರಂಟಿ ಹೋಗುತ್ತೆ."

ಪುಟ ತಿರುವಿದೆ. ಆ ಪದರ ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಬಿಚ್ಚಿದರೂ ಕಣ್ಣಿಗೆ ಕಾಣಲ್ಲ ಅಂತ ಬರೆದಿತ್ತು. ನನ್ನ ಪುಸ್ತಕವೇ ಅವರ ಕಡೆ...

ನಮ್ಮ ಚಿಕ್ಕಮ್ಮ ಕಾಯಿಯನ್ನು ಕಿವಿ ಹತ್ರ ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಒಣಗಿದೆಯಾ ಅಂತ ಹೇಳೋರು. "ಒಡೀದೇನೇ ಒಳಗಿಂದು ಗೊತ್ತಾಯ್ತದೆ ಕಣೇ. ರೈಲು ಬರದಿದ್ರೆ ಕತ್ತಲು ಅಂದ್ಯಲ್ಲ?"

ಟಿವಿ ಹಾಕಿಸಿದರು. ನನ್ನ ಫೋನಿಂದ ಬರೀ ಕಪ್ಪು ಚಿತ್ರ ಹಾಕು ಅಂದರು. ಹೊರಗಿನ ಬೆಳಕು ಬೀಳದ ಹಾಗೆ ಮೇಲೆ ಕಂಬಳಿ ಹೊದಿಸಿ, ಒಳಗೆ ಬನ್ನಿ ಅಂತ ಯಜಮಾನರನ್ನು ಬಹಳ ಮರ್ಯಾದೆಯಿಂದ ಕರೆದು ತಾವೂ ತೂರಿಕೊಂಡರು.

ಗಿರಾಕಿಗಳೆಲ್ಲ ಕಂಬಳಿಯನ್ನೇ ನೋಡ್ತಿದ್ದಾರೆ. ಒಳಗಿಂದ ಚಿಕ್ಕಮ್ಮನ ಧ್ವನಿ ಬರುತ್ತೆ.

"ಇದು ಕತ್ತಲಾ? ನಿಮ್ಮ ಮೀಸೆ ಕೂದಲು ಎಣಿಸ್ಬೋದು ಕಣ್ರೀ."



ಹೊರಬಂದ ಯಜಮಾನರು, ಗೋಡೌನಲ್ಲಿ ಅದಲುಬದಲಾಗಿರಬೇಕು ಅಂತ ಗೊಣಗಿ, ಟಿವಿ ಇಟ್ಟುಕೊಂಡು ದುಡ್ಡು ವಾಪಸ್ ಕೊಟ್ಟರು. ಚಿಕ್ಕಮ್ಮ ಕಂಬಳಿ ಮಡಚುತ್ತಾ ಅಂಗಡಿಯ ಗೋಡೆ ಕಡೆ ನೋಡಿದರು. ಅದೇ ಸ್ಟಿಕರ್ ಇನ್ನೂ ನಾಲ್ಕು ಟಿವಿ ಮೇಲಿದೆ.

ಆ ನಾಲ್ಕನ್ನೂ ಪರೀಕ್ಷೆ ಮಾಡೋಕೆ ಬರೋರೆಲ್ಲ ಬರುವ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಅರಸೀಕೆರೆ ಬಸ್ ಸ್ಟಾಂಡ್ ಗೇಟಲ್ಲಿ ಸಿಗೋಣ, ಕಂಬಳಿ ನಿಮ್ಮದೇ ತನ್ನಿ.