ಕೈ ಅಡ್ಡ ಇಟ್ಟ ಎಲೆ

ನಂಜಮ್ಮತ್ತೆಯ ಕೈಯಿಂದ ತಪ್ಪಿಸಿಕೊಂಡು ಪಂಕ್ತಿಯಿಂದ ಎದ್ದವರನ್ನು ನಾನು ಕಂಡಿಲ್ಲ. ಅವಳು ಅಪ್ಪನ ಅಕ್ಕ. ದೊಡ್ಡಬೆಳವಂಗಲದ ನಮ್ಮ ಮನೆಯಲ್ಲಿ ಹಬ್ಬವೆಂದರೆ ಬಡಿಸುವುದು ಅವಳೇ. ಉಣ್ಣುವವರು ಎಲೆಗೆ ಎರಡೂ ಕೈ ಅಡ್ಡ ಇಟ್ಟು "ಬೇಡ" ಎಂದರೂ ಬೆರಳ ಸಂದಿಯಲ್ಲೇ ಒಬ್ಬಟ್ಟು ತುರುಕುತ್ತಿದ್ದಳು. "ಮೊದಲ್ನೇ ಬೇಡ ನಾಚ್ಕೆಗೆ, ಎರಡ್ನೇದು ಮರ್ಯಾದೆಗೆ. ಮೂರ್ನೇದು ನಂಗೆ ಕೇಳ್ಸಲ್ಲ ಕಣಪ್ಪಾ" ಎನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅವಳ ಪ್ರೀತಿ ಇದ್ದದ್ದೇ ಹಾಗೆ.

ಮದುವೆಯಾಗುವ ಹುಡುಗಿಯರಿಗೆ ಬುದ್ಧಿ ಹೇಳುವುದೂ ಅವಳದೇ ಕೆಲಸ. ಅರವತ್ತರ ದಶಕದ ಕೊನೆಯಲ್ಲಿ, ಇಪ್ಪತ್ತೆರಡು ತುಂಬಿದ ನಮ್ಮ ಗೌರಕ್ಕನನ್ನು ಬೂದಿಗೆರೆಗೆ ಕೊಟ್ಟಾಗ, "ಕೇಳಿದ್ ತಕ್ಷಣ ಹೂಂ ಅಂದ್ಬಿಡ್ಬೇಡ, ಹಗುರವಾಗಿ ಕಾಣ್ತೀಯ" ಎಂದಳು. ಭಾವನನ್ನು ಪಕ್ಕಕ್ಕೆ ಕರೆದು, "ಅವಳು ಬೇಡ ಅಂತಾಳೆ. ನೀನು ಗಂಡಸು, ಅದನ್ನೆಲ್ಲ ಕಿವಿಗೆ ಹಾಕ್ಕೋಬೇಡ" ಎಂದಳು.

ಮೂರು ವಾರಕ್ಕೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ಬಂದಳು. ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದುಕೊಂಡು, "ನಾನು ನಿಜ್ವಾಗ್ಲೂ ಬೇಡ ಅಂದೆ ಅತ್ತೆ. ಅಳ್ತಾ ಅಂದೆ. ದಿನಾ ಅಂತೀನಿ" ಎಂದಳು. ಅತ್ತೆಯ ಮುಖ ಒಂದು ಗಳಿಗೆ ಸಪ್ಪಗಾಯಿತು.

"ನನ್ನನ್ನ ಯಾರಾದ್ರೂ ಕೇಳಿದ್ರೇನೇ?" ಎಂದು ಒಲೆಗೆ ಸೌದೆ ನೂಕಿದಳು. "ಅಭ್ಯಾಸ ಆಗುತ್ತೆ ಬಿಡು."

ಕರೆದೊಯ್ಯಲು ಬಂದ ಭಾವ ಕೆಟ್ಟವನಲ್ಲ. ಅದೇ ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ. "ಬೇಡ ಅನ್ನೋದು ವಾಡಿಕೆ ಅಂದ್ಕೊಂಡೆ. ನಿಜವಾದ ಬೇಡ ಯಾವ್ದು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?" ಎಂದು ಜಗುಲಿಯಲ್ಲಿ ಕೂತು ಎಲ್ಲರ ಮುಖ ನೋಡಿದ. ಅವಳನ್ನೇ ಕೇಳಬಹುದಿತ್ತಲ್ಲ ಎಂಬ ಮಾತು ಬಾಗಿಲ ಹಿಂದಿದ್ದ ನನ್ನ ನಾಲಿಗೆಯ ತುದಿಗೆ ಬಂತು. ಮದುವೆಯಾಗದ ಹುಡುಗಿ ಇಂಥದ್ದೆಲ್ಲ ಆಡಬಾರದೆಂದು ನುಂಗಿಕೊಂಡೆ. ಅಕ್ಕ "ನಾನು ಹೋಗಲ್ಲ" ಎಂದದ್ದೂ ಎಲ್ಲರಿಗೂ ನಾಚಿಕೆಯಾಗಿಯೇ ಕೇಳಿಸಿತು. ಮಡಿಲು ತುಂಬಿ ಕಳಿಸಿದೆವು.

ಅತ್ತೆಯನ್ನು ನಾನು ಕೊನೆಯ ಸಲ ನೋಡಿದ್ದು ಏಳೆಂಟು ವರ್ಷಗಳ ನಂತರದ ಒಂದು ಯುಗಾದಿಯಲ್ಲಿ. ವಯಸ್ಸಾಗಿ ನಡು ಬಾಗಿದ್ದರೂ ಬಡಿಸುವ ಹಟ ಬಿಟ್ಟಿರಲಿಲ್ಲ. ಅಕ್ಕನ ಎಲೆಗೆ ಒಂದಾದ ಮೇಲೊಂದು ಒಬ್ಬಟ್ಟು ಬಿತ್ತು. ಅಕ್ಕ ಕೈ ಅಡ್ಡ ಇಡಲಿಲ್ಲ. ತಲೆ ಬಗ್ಗಿಸಿ ಎಲ್ಲವನ್ನೂ ತಿಂದಳು. "ನೋಡಿದ್ಯೇನೇ, ಎಷ್ಟು ಚೆನ್ನಾಗಿ ಹೊಂದ್ಕೊಂಡವಳೆ" ಎಂದು ಅತ್ತೆ ನನ್ನತ್ತ ತಿರುಗಿ ಹೆಮ್ಮೆಪಟ್ಟಳು.

ಅತ್ತೆ ತೀರಿಕೊಂಡ ಮೇಲೆ ಬಡಿಸುವ ಕೆಲಸ ನನಗೆ ಬಂತು. ಪ್ರತಿ ಹಬ್ಬದಲ್ಲೂ ಅಕ್ಕನ ಎಲೆಯ ಮುಂದೆ ನಿಂತು, "ಬೇಕೋ ಬೇಡವೋ ಹೇಳಕ್ಕಾ" ಎಂದು ಕೇಳುತ್ತೇನೆ.

ಅಕ್ಕ ತಲೆ ಎತ್ತುವುದಿಲ್ಲ. "ನಿನ್ನಿಷ್ಟ ಕಣೇ" ಅನ್ನುತ್ತಾಳೆ.