ಅತ್ತೆಯ ‘ಮತ್ತೆ ಹೇಳು’

“ಶಿಪ್ಪು ಅಲ್ಲ ಕಣೇ, ಶಿಪ್. ತುಟಿ ಮುಂದೆ ಬಂತು ನೋಡು. ಮತ್ತೆ ಹೇಳು.”

ಅತ್ತೆ ಸ್ಟೂಲಿನ ಮೇಲೆ ಕೂತು ಸೊಸೆಯ ಬಾಯನ್ನೇ ದಿಟ್ಟಿಸುತ್ತಿದ್ದರು. ಸೊಸೆ ಮತ್ತೆ ಹೇಳಿದಳು. ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಆದರೆ ಮರುದಿನವೇ ಪರೀಕ್ಷೆ, ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ.

ಅವಳು ಬಂದರಿನ ಕಂಟ್ರೋಲ್ ರೂಮಿನವಳು. ಹಡಗುಗಳು ಒಳಗೆ ಬರುವ ಮುಂಚೆ ರೇಡಿಯೋದಲ್ಲಿ ಕೇಳುತ್ತವೆ: ಯಾವ ಕಡೆಯಿಂದ ಬರಬೇಕು, ಎಲ್ಲಿ ಲಂಗರು ಹಾಕಬೇಕು. ಕ್ಯಾಪ್ಟನ್ ಯಾವ ದೇಶದವನಾದರೂ ಉತ್ತರ ಇಂಗ್ಲಿಷಿನಲ್ಲೇ ಹೋಗಬೇಕು. ಗೇಟ್‌ಪಾಸ್ ಕೌಂಟರಿನ ಕಿಂಡಿಯಲ್ಲಿ ವರ್ಷಗಟ್ಟಲೆ ಲಾರಿ ಡ್ರೈವರುಗಳ ಬೈಗುಳ ತಿಂದ ಮೇಲೆ ಅವಳಿಗೆ ಈ ಕುರ್ಚಿ ಸಿಕ್ಕಿತ್ತು, ಅದೂ ತಾತ್ಕಾಲಿಕವಾಗಿ. ಎದುರಿಗೆ ಗೋಡೆಯಗಲದ ಗಾಜು, ಗಾಜಿನಾಚೆ ಸಮುದ್ರ. ಕೂತ ಮೊದಲ ದಿನವೇ ಅವಳಿಗೆ ಇನ್ನು ಇಲ್ಲಿಂದ ಏಳಬಾರದು ಅನ್ನಿಸಿಬಿಟ್ಟಿತು.

ಏಳಬಾರದೆಂದರೆ ಮಾತಿನ ಪರೀಕ್ಷೆ ಪಾಸಾಗಬೇಕು. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೆಯದೇ ಕೊನೆಯದು, ಅದೂ ಹೋದರೆ ಮತ್ತೆ ಆ ಕಿಂಡಿಯೇ ಗತಿ. ಓದು ಬರಹದಲ್ಲಿ ಅವಳನ್ನು ಹಿಡಿಯುವವರಿಲ್ಲ. ತೊಂದರೆಯೆಲ್ಲ ನಾಲಿಗೆಯದು. ಪ್ರತಿ ಪದಕ್ಕೂ ಒಂದು ‘ಉ’ಕಾರದ ಬಾಲ: ಈಸ್ಟು, ವೆಸ್ಟು, ಪೋರ್ಟು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಆ ಕಡೆಯವರು ‘ರಿಪೀಟ್’ ಅಂದರೆ ಸಾಕು, ಇವಳ ಜೀವ ಬಾಯಿಗೆ ಬರುತ್ತಿತ್ತು. ತಪ್ಪಾಯಿತೆಂದುಕೊಂಡು ಅದನ್ನೇ ಇಮ್ಮಡಿ ವೇಗದಲ್ಲಿ ಒದರಿಬಿಡುವಳು. ಎರಡು ಸಲವೂ ಮುಳುಗಿದ್ದು ಅಲ್ಲಿಯೇ.

ಗಂಡ ಹಡಗು ಎಳೆಯುವ ಟಗ್ ದೋಣಿಯ ಎಂಜಿನ್ ನೋಡಿಕೊಳ್ಳುವವನು, ಮನೆಗೆ ಬರುವುದೇ ನಿದ್ದೆ ಮಾಡಲಿಕ್ಕೆ. ಹಾಗಾಗಿ ಗುರುವಾಗಿ ಸಿಕ್ಕವರು ಅತ್ತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಾ ನಿವೃತ್ತರಾದವರು. ಅವರ ಇಂಗ್ಲಿಷ್ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯಷ್ಟು ನೀಟು. ಆದರೆ ಪಾಠವೆಂದರೆ ಪ್ರಾಣ ಹಿಂಡುವುದು. ಸರಿಯಾಗಿ ಹೇಳಿದರೂ ಒಮ್ಮೊಮ್ಮೆ “ಮತ್ತೆ ಹೇಳು.” ಬೇಗ ಹೇಳಿದರಂತೂ “ಮತ್ತೆ ಹೇಳು” ತಪ್ಪಿದ್ದೇ ಇಲ್ಲ. ಯಾವ ಜನ್ಮದ ಸೇಡು ತೀರಿಸಿಕೊಳ್ಳುತ್ತಿದ್ದಾರೋ ಎಂದು ಸೊಸೆ ಒಳಗೊಳಗೇ ಕುದಿಯುತ್ತಿದ್ದಳು.

ಆ ಸಂಜೆ ಪಾಠದ ನಡುವೆ ಕರೆಂಟು ಹೋಯಿತು. ಹೇಳುವುದೆಲ್ಲ ಬಾಯಿಪಾಠವಾಗಿದ್ದರಿಂದ ಸೊಸೆ ಕತ್ತಲಲ್ಲೂ ನಿಲ್ಲಿಸದೆ ಹೇಳುತ್ತಲೇ ಹೋದಳು.

“ಯಾಕೆ ನಿಲ್ಲಿಸ್ಬಿಟ್ಟೆ? ಹೇಳು ಹೇಳು” ಅಂದರು ಅತ್ತೆ.

ಅವಳು ನಿಲ್ಲಿಸಿಯೇ ಇರಲಿಲ್ಲ. ತಡಕಾಡಿ ಮೇಣದಬತ್ತಿ ಹಚ್ಚಿ ತನ್ನ ಮುಖದ ಹತ್ತಿರ ಹಿಡಿದಳು.

“ಅತ್ತೆ, ನಿಮಗೆ ಕಿವಿ ಕೇಳಿಸಲ್ವಾ?”

ಅತ್ತೆ ಅವಳ ತುಟಿ ನೋಡಿದರು. ಅವರ ಮುಖ ಬಾಡಿತು. “ಒಂದು ಚೂರು ಕೇಳಿಸುತ್ತೆ” ಅಂದರು. ಆಮೇಲೆ, “ಇಲ್ಲ. ಹೆಚ್ಚುಕಮ್ಮಿ ಹೋಗೇಬಿಟ್ಟಿದೆ.”

“ಮೊದಲೇ ಹೇಳೋಕೇನಾಗಿತ್ತು ನಿಮಗೆ? ನಾಳೆ ನನ್ನ ಪರೀಕ್ಷೆ! ಇಷ್ಟು ದಿನ ಕಲಿತಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ!”

“ಹೇಳಿದ್ರೆ ಬಂದು ಕೂರ್ತಿದ್ಯೇನೇ?” ಅತ್ತೆ ತಗ್ಗಿದ ದನಿಯಲ್ಲಿ ಕೇಳಿದರು. “ಈ ಮನೇಲಿ ನನ್ನ ಮುಖ ನೋಡ್ಕೊಂಡು ಮಾತಾಡೋಳು ನೀನೊಬ್ಬಳೇ. ಅದೂ ಈ ಪಾಠದ ಹೊತ್ತಲ್ಲಿ.”

ಸೊಸೆ ಮೇಣದಬತ್ತಿಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟಳು. ಕನಿಕರವೂ ಬಂತು, ಕೋಪವೂ ಇಳಿಯಲಿಲ್ಲ. ಬೆಳಿಗ್ಗೆ ಅವರಿಗೆ ಒಂದು ಮಾತೂ ಹೇಳದೆ ಹೊರಟುಬಿಟ್ಟಳು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಒಂದು ರೇಡಿಯೋ. ಪರೀಕ್ಷಕರು ಪಕ್ಕದ ಕೋಣೆಯಲ್ಲಿ, ಅವರ ಮುಖವಿಲ್ಲ, ದನಿ ಮಾತ್ರ. ಆ ದನಿಯ ಮೇಲೆ ಬೇಕೆಂದೇ ಗಾಳಿಯ ಮೊರೆತ ಬೆರೆಸಿದ್ದರು. ಕಿವುಡಿಯ ಶಿಷ್ಯೆ ಬಂದಿದ್ದಾಳೆ, ನೋಡಿ ನಗಿ ಎಂದು ತನ್ನನ್ನೇ ಹಂಗಿಸಿಕೊಳ್ಳುತ್ತಾ ಅವಳು ಬಟನ್ ಒತ್ತಿದಳು. ಪಶ್ಚಿಮದಿಂದ ಬಾ, ಉತ್ತರದಲ್ಲಿ ಲಂಗರು ಹಾಕು ಎಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು.

ಆ ಕಡೆ ಗಾಳಿಯ ಮೊರೆತ. ಆಮೇಲೆ, “ರಿಪೀಟ್.”

ನಾಲಿಗೆ ಓಡಲು ಸಜ್ಜಾಗಿ ನಿಂತೇ ಇತ್ತು. ಅಷ್ಟರಲ್ಲಿ ಕಣ್ಣೆದುರು ಬಂದದ್ದು ಸ್ಟೂಲು, ಸ್ಟೂಲಿನ ಮೇಲೆ ತನ್ನ ಬಾಯನ್ನೇ ನೋಡುತ್ತಾ ಕೂತ ಮುಖ. ಮತ್ತೆ ಹೇಳು ಅಂದವರಿಗೆ ತಪ್ಪು ಕಂಡಿರಬೇಕೆಂದೇನಿಲ್ಲ, ಬರೀ ಕೇಳಿಸದೆಯೂ ಇರಬಹುದು. ಅವಳು ಬಾಯಿ ಪೂರ್ತಿ ತೆರೆದು, ನಿಧಾನವಾಗಿ, ಪದದ ಕೊನೆಗೆ ತುಟಿ ಮುಂದೆ ಬಾರದಂತೆ ಹೇಳಿದಳು. ವೆಸ್ಟ್. ನಾರ್ತ್.

“ರಿಪೀಟ್.”

ಮತ್ತೆ ಹೇಳಿದಳು, ಅದೇ ವೇಗದಲ್ಲಿ. ಇನ್ನೂ ಹತ್ತು ಸಲ ಕೇಳಿದ್ದರೂ ಹೇಳುತ್ತಿದ್ದಳು.

ಫಲಿತಾಂಶ ಮಧ್ಯಾಹ್ನವೇ ಕೈಗೆ ಬಂತು. ಮನೆಗೆ ಬಂದಾಗ ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಪಾತ್ರೆ ಒರೆಸುತ್ತಿದ್ದರು. ಹಿಂದಿನ ದಿನವಾಗಿದ್ದರೆ ಅವಳು ಬಾಗಿಲಿಂದಲೇ ಕೂಗುತ್ತಿದ್ದಳು. ಈಗ ಸುತ್ತಿ ಬಂದು ಎದುರಿಗೆ ನಿಂತಳು. ಅತ್ತೆಯ ಕೈ ನಿಂತಿತು. ಏನಾಯಿತೆಂದು ಕೇಳಲೂ ಅವರಿಗೆ ಧೈರ್ಯವಾಗಲಿಲ್ಲ.

ಸೊಸೆ ದನಿ ತೆಗೆಯದೆ ತುಟಿಯನ್ನಷ್ಟೇ ಆಡಿಸಿದಳು.

ಅತ್ತೆಯ ಕಣ್ಣು ತುಂಬಿಬಂತು. ಆದರೂ ಗುರು ಗುರುವೇ.

“ಪಾಸು ಅಲ್ಲ ಕಣೇ, ಪಾಸ್” ಅಂದರು. “ತುಟಿ ಮುಂದೆ ಬಂತು. ಮತ್ತೆ ಹೇಳು.”

ಅವಳು ಸ್ಟೂಲು ಎಳೆದು ಅವರನ್ನು ಕೂರಿಸಿ, ಎದುರಿಗೆ ತಾನೂ ಕೂತು, ಮತ್ತೆ ಹೇಳಿದಳು.